ಸಂಕಲನ ಅಂದ್ರೆ ಕೂಡಿಸೋದಾ, ಕಳೆಯೋದಾ?

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಟಾಂಗ್ ಕೊಟ್ರು, ಯಾರು ಯಾರ ಮನೆಗೆ ಊಟಕ್ಕೆ ಹೋದ್ರು, ಅದನ್ನೆಲ್ಲ ನಾಳೆ ನೋಡೋಣ. ಅದು ಎಲ್ಲಿಗೂ ಓಡಿ ಹೋಗೋದಿಲ್ಲ. ಇವತ್ತು ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ನಡೆದ ಒಂದು ಸಣ್ಣ ವಿಷಯ ಹೇಳ್ತೀನಿ.

ಹೋದ ತಿಂಗಳ ಮಾತು. ಸಂಜೆ ಬುಲೆಟಿನ್‌ಗೆ ಇನ್ನೂ ಒಂದೂವರೆ ಗಂಟೆ ಇತ್ತು. ಕೆಳಗಿನಿಂದ ಫೋನ್. "ಸರ್, ಹಾವೇರಿ ಕಡೆಯವರು ಒಬ್ರು ಬಂದಿದ್ದಾರೆ. ಬೆಳಗ್ಗೆ ಹತ್ತರಿಂದ ಕೂತಿದ್ದಾರೆ. ನಿಮ್ಮನ್ನ ನೋಡದೆ ಹೋಗಲ್ಲ ಅಂತಾರೆ." ಇಂಥವರು ಬರ್ತಾ ಇರ್ತಾರೆ. ಜಮೀನು ತಕರಾರು, ಪಿಂಚಣಿ, ಆಸ್ಪತ್ರೆ. ಅಂಥದ್ದೇ ಏನೋ ಇರಬೇಕು ಅಂದ್ಕೊಂಡು ಇಳಿದು ಹೋದೆ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಐವತ್ತು ದಾಟಿದ ಮನುಷ್ಯ. ಪಕ್ಕದಲ್ಲಿ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷದ ಹುಡುಗ, ತಲೆ ಎತ್ತಿ ನೋಡ್ತಾನೂ ಇಲ್ಲ. ತಂದೆಯ ಕೈಯಲ್ಲಿ ಪ್ಲಾಸ್ಟಿಕ್ ಕವರ್. ಕವರ್ ಒಳಗೆ ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟ್.

"ಸರ್ರ, ನಮ್ಮ ಹುಡುಗ ಎಡಿಟಿಂಗ್ ಕಲ್ತಾನ್ರಿ. ಒಂದು ಲಕ್ಷ ಹತ್ತು ಸಾವಿರ ಕಟ್ಟೇನ್ರಿ, ಸೊಸೈಟಿಯಾಗ ಸಾಲ ತಗದು. ಕೆಲ್ಸ ಗ್ಯಾರಂಟಿ ಅಂದಿದ್ರು. ಎಂಟು ತಿಂಗಳಾತ್ರಿ, ಈಗ ಫೋನ್ ಸುದ್ದಾ ಎತ್ತಂಗಿಲ್ಲ. ನಿಮ್ ಟಿವಿಯಾಗ ಒಂದು ಕೆಲ್ಸಕ್ಕ ಹಾಕ್ಕೊಳ್ರಿ."

ಸರ್ಟಿಫಿಕೇಟ್ ನೋಡಿದೆ. "ಪ್ರೊಫೆಷನಲ್ ಡಿಪ್ಲೊಮಾ ಇನ್ ಫಿಲ್ಮ್ ಅಂಡ್ ವಿಡಿಯೋ ಎಡಿಟಿಂಗ್." ಅವಧಿ ಮೂರು ತಿಂಗಳು. ಕೆಳಗೆ ಐದು ಸಾಫ್ಟ್‌ವೇರ್‌ಗಳ ಹೆಸರು. ಬಂಗಾರದ ಬಣ್ಣದ ಮುದ್ರೆ. ನಮ್ಮ ಕಾಲದಲ್ಲಿ ಯೂನಿವರ್ಸಿಟಿ ರ‍್ಯಾಂಕ್ ಬಂದವರಿಗೂ ಇಷ್ಟು ಚೆಂದದ ಸರ್ಟಿಫಿಕೇಟ್ ಕೊಡ್ತಿರಲಿಲ್ಲ ಬಿಡಿ.

ಹುಡುಗನನ್ನ ಮೇಲೆ ಕರ್ಕೊಂಡು ಹೋಗಿ ಎಡಿಟ್ ರೂಮಿನಲ್ಲಿ ಕೂರಿಸಿದೆ. ಅವತ್ತು ನಮ್ಮ ಜಿಲ್ಲಾ ವರದಿಗಾರ ಕಳಿಸಿದ್ದ ರಾ ಫುಟೇಜ್ ಇತ್ತು, 11 ನಿಮಿಷದ್ದು. ಹಳ್ಳಿ ಬಸ್ ಸ್ಟಾಪ್, ಶಾಲಾ ಮಕ್ಕಳು, ತುಂಬಿ ತುಳುಕೋ ಬಸ್ಸು. "ಎರಡು ನಿಮಿಷ ಮಾಡಿಕೊಡಪ್ಪ" ಅಂದೆ. ಹುಡುಗನ ಬೆರಳು ಕೀಬೋರ್ಡ್ ಮೇಲೆ ಓಡಿದ ವೇಗ ನೋಡಬೇಕಿತ್ತು ನೀವು! ಮೌಸ್ ಮುಟ್ಟಲೇ ಇಲ್ಲ. ಶಾರ್ಟ್‌ಕಟ್ ಎಲ್ಲ ಬಾಯಿಪಾಠ. ಇಪ್ಪತ್ತು ನಿಮಿಷದಲ್ಲಿ ರೆಡಿ.

ಪ್ಲೇ ಮಾಡಿದ. ಮೊದಲ ಶಾಟ್ ಗಿರ್ರನೆ ತಿರುಗಿ ಎರಡನೇ ಶಾಟ್ ಆಯ್ತು. ಅದು ಸಿಡಿದು ಮೂರನೇದು. ಬಸ್ ಬರುವಾಗ ಹುಲಿ ಗರ್ಜನೆ ತರಹದ್ದೊಂದು ಸೌಂಡು. ಮಕ್ಕಳು ಓಡುವಾಗ ಸ್ಲೋ ಮೋಷನ್, ಹಿಂದೆ ಯಾವುದೋ ಹೀರೋ ಎಂಟ್ರಿ ಮ್ಯೂಸಿಕ್ಕು. ಪರದೆಯ ಅಂಚಿನಲ್ಲಿ ಬೆಂಕಿ ಕಿಡಿ ಬೇರೆ!

"ಚೆನ್ನಾಗಿದೆ. ಇದರಲ್ಲಿ ಸುದ್ದಿ ಏನು?" ಅಂದೆ. ಹುಡುಗ ಸುಮ್ಮನಾದ.

ಬೈಯಲಿಲ್ಲ. ಬೈಯೋಕೆ ನನಗೇನು ಹಕ್ಕಿದೆ? ಟಿವಿಯಲ್ಲಿ ದಿನಾ ಕಿಡಿ ಹಾರಿಸೋರು ನಾವೇ. "ಈಗ ಒಂದು ಕೆಲಸ ಮಾಡು. ಎಫೆಕ್ಟ್ ಎಲ್ಲ ತೆಗಿ. ಮ್ಯೂಸಿಕ್ ಬೇಡ. ಇನ್ನೊಂದು ಸಲ ಪೂರ್ತಿ 11 ನಿಮಿಷ ಸುಮ್ಮನೆ ಕೂತು ನೋಡು. ಆಮೇಲೆ ಕಟ್ ಮಾಡು" ಅಂತ ಹೇಳಿ ಬುಲೆಟಿನ್‌ಗೆ ಹೋದೆ.

ವಾಪಸ್ ಬಂದಾಗ ಒಂದು ನಿಮಿಷ ನಲವತ್ತು ಸೆಕೆಂಡ್‌ದು ಮಾಡಿದ್ದ. ಅದರ ನಡುವೆ ಒಂದು ಶಾಟ್. ಏಳನೆಯದೋ ಎಂಟನೆಯದೋ ಕ್ಲಾಸಿನ ಹುಡುಗಿ. ಬಸ್ ನಿಂತ ಕೂಡಲೇ ತನ್ನ ಬ್ಯಾಗನ್ನ ಕಿಟಕಿಯೊಳಗೆ ಕೂತಿದ್ದ ಗೆಳತಿಗೆ ಕೊಡ್ತಾಳೆ, ಬಾಗಿಲ ಕಡೆ ಓಡ್ತಾಳೆ, ಬಾಗಿಲಲ್ಲಿ ಜಾಗ ಇಲ್ಲ, ಬಸ್ ಹೊರಟುಬಿಡುತ್ತೆ. ಬ್ಯಾಗು ಶಾಲೆಗೆ ಹೋಯ್ತು. ಹುಡುಗಿ ಸ್ಟಾಪಿನಲ್ಲೇ ಉಳಿದಳು. ಅವಳ ಮುಖದ ಮೇಲೆ ಆರು ಸೆಕೆಂಡ್ ನಿಲ್ಲಿಸಿದ್ದ ಈ ಹುಡುಗ. ಹಿಂದೆ ಬಸ್ಸಿನ ಸದ್ದು ದೂರ ಆಗ್ತಾ ಹೋಗುತ್ತೆ, ಅಷ್ಟೇ.

ಆ ಶಾಟ್ ಇದೆ ಅಂತ ನನಗೇ ಗೊತ್ತಿರಲಿಲ್ಲ ಸ್ವಾಮಿ. ಕಳಿಸಿದ ವರದಿಗಾರನಿಗೂ ಗೊತ್ತಿರಲಿಲ್ಲ.

"ಹೀಗೆ ಮಾಡಬೇಕು ಅಂತ ಯಾರಪ್ಪ ಹೇಳಿಕೊಟ್ಟಿದ್ದು?" ಅಂದೆ. "ಯಾರೂ ಇಲ್ಲ ಸರ್. ಏನೂ ಹಾಕಬೇಡ ಅಂದ್ರಲ್ಲ, ಅದಕ್ಕೆ ಕಾಣಿಸ್ತು."

ಈ ಮಾತು ನನ್ನನ್ನ ಬಿಡ್ತಾ ಇಲ್ಲ. ಒಂದು ಲಕ್ಷ ಹತ್ತು ಸಾವಿರ ಕೊಟ್ಟು ಏನು ಕಲಿತ ಹಾಗಾದ್ರೆ? ವಿಚಾರಿಸಿದೆ. ಮೂರು ಜನಕ್ಕೆ ಒಂದು ಕಂಪ್ಯೂಟರ್. ಅಭ್ಯಾಸಕ್ಕೆ ಕೊಡ್ತಿದ್ದದ್ದು ಇಂಟರ್‌ನೆಟ್‌ನಿಂದ ಇಳಿಸಿದ ಸಿನಿಮಾ ಟ್ರೇಲರ್‌ಗಳು. ಅಲ್ಲ, ಟ್ರೇಲರ್ ಅನ್ನೋದು ಯಾರೋ ಒಬ್ಬ ಎಡಿಟರ್ ಆಗಲೇ ಕತ್ತರಿಸಿ ಮುಗಿಸಿರೋದು. ಅದನ್ನ ಮತ್ತೆ ಕತ್ತರಿಸೋದು ಅಂದ್ರೆ ಇನ್ನೊಬ್ಬರು ಅಗಿದು ಬಿಟ್ಟ ಕಬ್ಬನ್ನ ಅಗಿದ ಹಾಗೆ. ರಸ ಎಲ್ಲಿರುತ್ತೆ?

ನಮ್ಮ ಕನ್ನಡದಲ್ಲಿ ಎಡಿಟಿಂಗ್‌ಗೆ ಸಂಕಲನ ಅಂತೀವಿ. ಸಿನಿಮಾ ಟೈಟಲ್ ಕಾರ್ಡಿನಲ್ಲಿ ದಶಕಗಳಿಂದ ಓದಿದ್ದೀವಿ. ಆದ್ರೆ ಪ್ರೈಮರಿ ಶಾಲೆಯ ಲೆಕ್ಕದ ಪುಸ್ತಕ ನೆನಪು ಮಾಡ್ಕೊಳ್ಳಿ. ಸಂಕಲನ ಅಂದ್ರೆ ಕೂಡಿಸೋದು. ಕಳೆಯೋದಕ್ಕೆ ವ್ಯವಕಲನ. ಎಡಿಟ್ ರೂಮಿನಲ್ಲಿ ನಡೆಯೋದರಲ್ಲಿ ಮುಕ್ಕಾಲು ಪಾಲು ವ್ಯವಕಲನವೇ. ಹೆಸರು ಮಾತ್ರ ಸಂಕಲನ. ಈ ಕೋರ್ಸ್‌ಗಳು ಹೆಸರನ್ನಷ್ಟೇ ಹಿಡ್ಕೊಂಡಿವೆ ಅನ್ನಿಸುತ್ತೆ: ಎಫೆಕ್ಟ್ ಕೂಡಿಸು, ಮ್ಯೂಸಿಕ್ ಕೂಡಿಸು, ಫೀಸು ಕೂಡಿಸು.

ಕಳೆಯೋದು ಎಷ್ಟು ಕಷ್ಟದ ಕೆಲಸ ಅನ್ನೋದಕ್ಕೆ ಒಂದು ಲೆಕ್ಕ ಹೇಳ್ತೀನಿ. 1979ರಲ್ಲಿ ಬಂದ ಕೊಪೊಲಾನ 'ಅಪೋಕ್ಯಾಲಿಪ್ಸ್ ನೌ' ಸಿನಿಮಾ. ಶೂಟ್ ಮಾಡಿದ್ದು ಹನ್ನೆರಡೂವರೆ ಲಕ್ಷ ಅಡಿ ಫಿಲ್ಮ್, 230 ಗಂಟೆಗೂ ಹೆಚ್ಚು. ಸಿನಿಮಾ ಆಗಿ ಉಳಿದದ್ದು ಎರಡೂವರೆ ಗಂಟೆಗೂ ಕಡಿಮೆ. ಅಂದ್ರೆ 95 ನಿಮಿಷ ತೆಗೆದ್ರೆ ಒಂದು ನಿಮಿಷ. ಅದರ ಎಡಿಟರ್‌ಗಳಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಆಮೇಲೆ ಕೂತು ಲೆಕ್ಕ ಹಾಕಿದರು, ಒಬ್ಬ ಎಡಿಟರ್ ದಿನಕ್ಕೆ ಎಷ್ಟು ಕಟ್ ಹಾಕಿದ ಹಾಗಾಯ್ತು ಅಂತ. ಸರಾಸರಿ 1.47! ದಿನಕ್ಕೆ ಒಂದೂವರೆ ಕಟ್. ಹಾಗಂತ ಉಳಿದ ಹೊತ್ತು ಟೀ ಕುಡೀತಿದ್ರು ಅಂತಲ್ಲ. ಜೋಡಿಸಿ ನೋಡೋದು, ಬಿಚ್ಚೋದು, ಮತ್ತೆ ಜೋಡಿಸೋದು, ಬೇಡ ಅನ್ನೋದು. ನಮ್ಮ ಹುಡುಗ ಇಪ್ಪತ್ತು ನಿಮಿಷದಲ್ಲಿ ಅರವತ್ತು ಕಟ್ ಹಾಕಿದ್ದ.

ಇನ್ನೂ ಹಿಂದಕ್ಕೆ ಹೋಗೋಣ. ಮಾಸ್ಕೋದಲ್ಲಿ 1919ರಲ್ಲಿ ಒಂದು ಫಿಲ್ಮ್ ಸ್ಕೂಲ್ ಶುರುವಾಯ್ತು. ಜಗತ್ತಿನ ಮೊಟ್ಟಮೊದಲ ಫಿಲ್ಮ್ ಸ್ಕೂಲ್‌ಗಳಲ್ಲಿ ಒಂದು. ಆಗ ಅಲ್ಲಿ ಅಂತರ್ಯುದ್ಧ, ಕಚ್ಚಾ ಫಿಲ್ಮಿಗೂ ಬರ. ಲೆವ್ ಕುಲೆಶೋವ್ ಅಂತ ಮೇಷ್ಟ್ರು, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಶೂಟ್ ಮಾಡೋಕೆ ಫಿಲ್ಮ್ ಇಲ್ಲ ಅಂತ ಕೈಕಟ್ಟಿ ಕೂರಲಿಲ್ಲ. ಅಮೆರಿಕದ ಗ್ರಿಫಿತ್ ಮಾಡಿದ 'ಇನ್‌ಟಾಲರೆನ್ಸ್' ಚಿತ್ರವನ್ನ ಬಿಚ್ಚಿ, ಶಾಟ್‌ಗಳನ್ನ ಹಿಂದೆ ಮುಂದೆ ಮಾಡಿ, ಅರ್ಥ ಹೇಗೆ ಬದಲಾಗುತ್ತೆ ಅಂತ ಶಿಷ್ಯರಿಗೆ ತೋರಿಸಿದ. ಈ ಮೇಷ್ಟ್ರು ಮಾಡಿದ ಒಂದು ಪ್ರಯೋಗ ಇದೆ, ಶಿಷ್ಯ ಪುಡೋವ್ಕಿನ್ ಬರೆದಿಟ್ಟಿದ್ದಾನೆ. ಒಬ್ಬ ನಟನ ಮುಖ, ಯಾವ ಭಾವನೆಯೂ ಇಲ್ಲದ ಕ್ಲೋಸಪ್. ಅದರ ಪಕ್ಕ ಒಂದು ಸಲ ಸೂಪಿನ ತಟ್ಟೆ, ಒಂದು ಸಲ ಶವಪೆಟ್ಟಿಗೆಯಲ್ಲಿ ಹೆಂಗಸಿನ ಹೆಣ, ಇನ್ನೊಂದು ಸಲ ಆಟವಾಡೋ ಪುಟ್ಟ ಹುಡುಗಿ. ನೋಡಿದವರು ಏನಂದ್ರು? ಆಹಾ, ಎಂಥಾ ಹಸಿವು, ಎಂಥಾ ದುಃಖ, ಎಂಥಾ ಸಂತೋಷ, ಎಂಥಾ ನಟ! ಮುಖ ಮಾತ್ರ ಮೂರು ಸಲವೂ ಅದೇ.

ಇದನ್ನ ಕಲಿಸೋಕೆ ಅವತ್ತು ಐದು ಸಾಫ್ಟ್‌ವೇರ್ ಬೇಕಾಗಿರಲಿಲ್ಲ.

ನಮ್ಮಲ್ಲಿ ಹೇಗಿತ್ತು? ಕನ್ನಡ ಸಿನಿಮಾಗಳ ಕೊನೇ ಕೆಲಸವೆಲ್ಲ ಮದರಾಸಿನಲ್ಲಿ ಆಗ್ತಿದ್ದ ಕಾಲ. ಎಡಿಟಿಂಗ್ ಕಲಿಬೇಕು ಅಂದ್ರೆ ಕೋರ್ಸ್ ಇಲ್ಲ, ಗುರುವಿನ ಹಿಂದೆ ನಿಲ್ಲಬೇಕು. ಬಿಳಿ ಗ್ಲೌಸ್ ಹಾಕ್ಕೊಂಡು ರೀಲು ಸುತ್ತಬೇಕು. ಕ್ಲಾಪ್ ಸದ್ದು ನೋಡಿ ಚಿತ್ರಕ್ಕೂ ಧ್ವನಿಗೂ ಹೊಂದಿಸಬೇಕು. ಕತ್ತರಿಸಿದ ತುಂಡುಗಳನ್ನ ನಂಬರ್ ಬರೆದು ನೇತು ಹಾಕಬೇಕು. ಆರು ತಿಂಗಳ ನಂತರ ಗುರು "ಆ ತುಂಡು ಎಲ್ಲಿ?" ಅಂದ್ರೆ ತಕ್ಷಣ ತೆಗೆದುಕೊಡಬೇಕು. ಕತ್ತರಿ ಕೈಗೆ ಬರೋದು ವರ್ಷಗಳ ಮೇಲೆ. ಸಂಬಳ? ಊಟ ಕಾಫಿ ಸಿಕ್ಕರೆ ಪುಣ್ಯ. ಆ ಪದ್ಧತಿಯನ್ನ ಹೊಗಳಿ ಅಟ್ಟಕ್ಕೇರಿಸೋ ಆಸೆ ನನಗಿಲ್ಲ. ಎಷ್ಟೋ ಜನರ ಯೌವನ ಆ ಕತ್ತಲೆ ರೂಮಿನಲ್ಲೇ ಕರಗಿಹೋಯ್ತು. ಹೆಣ್ಣುಮಕ್ಕಳಿಗಂತೂ ಬಾಗಿಲು ಮುಚ್ಚಿದ ಹಾಗೇ ಇತ್ತು. ಆದ್ರೆ ಗುರು ಯಾಕೆ ಈ ಶಾಟ್ ಬೇಡ ಅಂದರು ಅನ್ನೋದನ್ನ ಪಕ್ಕದಲ್ಲಿ ನಿಂತು ದಿನಾ ಕೇಳಿಸ್ಕೊಳ್ಳೋ ಭಾಗ್ಯ ಇತ್ತಲ್ಲ, ಅದು ಮೂರು ತಿಂಗಳ ಕೋರ್ಸಿನಲ್ಲಿ ಇಲ್ಲ. ಇವತ್ತು ರಾಷ್ಟ್ರಪ್ರಶಸ್ತಿಗಳ ಸಾಲೇ ಇರೋ ಶ್ರೀಕರ್ ಪ್ರಸಾದ್ ಓದಿದ್ದು ಸಾಹಿತ್ಯ, ಎಡಿಟಿಂಗ್ ಕಲಿತದ್ದು ತಂದೆಯ ಹತ್ತಿರ. ನಮ್ಮ ಸುರೇಶ್ ಅರಸ್, ಕನ್ನಡದ ಹುಡುಗ, ಮಣಿರತ್ನಂ ಅವರ 'ಬಾಂಬೆ' ಚಿತ್ರದ ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ತಗೊಂಡರು.

ಹಾಗಂತ ಶಾಲೆಯಲ್ಲಿ ಕಲಿಯೋಕೆ ಆಗೋದೇ ಇಲ್ಲ ಅಂತಲ್ಲ. ಪುಣೆಯಲ್ಲಿ ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲಿ 1960ರಲ್ಲಿ ಸರ್ಕಾರ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರು ಮಾಡ್ತು. ಅಲ್ಲಿ ಎಡಿಟಿಂಗ್ ಓದಿದ ರೇಣು ಸಲೂಜಾಗೆ ನಾಲ್ಕು ರಾಷ್ಟ್ರಪ್ರಶಸ್ತಿ. ರಾಜ್‌ಕುಮಾರ್ ಹಿರಾನಿ, ಸಂಜಯ್ ಲೀಲಾ ಬನ್ಸಾಲಿ, ಡೇವಿಡ್ ಧವನ್, ಈ ಮೂವರೂ ಅಲ್ಲಿ ಓದಿದ್ದು ನಿರ್ದೇಶನ ಅಲ್ಲ, ಎಡಿಟಿಂಗ್! ನಮ್ಮ ಬೆಂಗಳೂರೇನು ಕಡಿಮೆಯಾ? ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಓದಿದ ಮೈಸೂರಿನ ವಿ.ಕೆ. ಮೂರ್ತಿ, ಗುರುದತ್ ಕ್ಯಾಮೆರಾಮನ್ ಆಗಿ ದಾದಾಸಾಹೇಬ್ ಫಾಲ್ಕೆ ತನಕ ಹೋದರು. ಗೋವಿಂದ ನಿಹಲಾನಿ ಓದಿದ್ದೂ ಅಲ್ಲೇ. ಅದೇ ಬೇರಿನ ಸರ್ಕಾರಿ ಸಂಸ್ಥೆ ಇವತ್ತು ಹೆಸರಘಟ್ಟದಲ್ಲಿದೆ. ಎಷ್ಟು ಜನ ತಂದೆತಾಯಿಗೆ ಇದು ಗೊತ್ತು? ಖಾಸಗಿಯವರ ಫ್ಲೆಕ್ಸ್ ಮೆಜೆಸ್ಟಿಕ್‌ನಿಂದ ಚಿಕ್ಕೋಡಿ ತನಕ ಕಾಣುತ್ತೆ, ಸರ್ಕಾರದ್ದು ಕಾಣಲ್ಲ. ಪುಣೆ, ಕೋಲ್ಕತ್ತದ ಸಂಸ್ಥೆಗಳಿಗೆ ಡಿಗ್ರಿ ಆಗಿರಬೇಕು, ಪ್ರವೇಶ ಪರೀಕ್ಷೆ ಇರುತ್ತೆ, ಸೀಟು ಬೆರಳೆಣಿಕೆ. ಹಿರೇಕೆರೂರಿನ ಹುಡುಗನಿಗೆ ಆ ಪರೀಕ್ಷೆ ಇದೆ ಅಂತ ಗೊತ್ತಾಗೋ ಹೊತ್ತಿಗೆ ಅವನು ಇಲ್ಲಿ ಫೀಸು ಕಟ್ಟಿಬಿಟ್ಟಿರ್ತಾನೆ.

ಇನ್ನೊಂದು ಕಡೆ ಉಜ್ವಲ್ ಕುಲಕರ್ಣಿ ಇದ್ದಾರೆ. 2022ರಲ್ಲಿ 'ಕೆಜಿಎಫ್ ಚಾಪ್ಟರ್ 2' ಬಂದಾಗ ಇನ್ನೂ ಇಪ್ಪತ್ತು ವರ್ಷದ ಆಸುಪಾಸು. ಅಭಿಮಾನಿಯಾಗಿ ಮಾಡಿದ ವಿಡಿಯೋಗಳಿಂದ ನಿರ್ದೇಶಕರ ಕಣ್ಣಿಗೆ ಬಿದ್ದ ಹುಡುಗ. ಅವತ್ತಿನಿಂದ ಮನೆಮನೆಯಲ್ಲೂ ಒಬ್ಬ ಎಡಿಟರ್ ಹುಟ್ಟಿದ. ಒಳ್ಳೇದೇ. ಆದ್ರೆ ಅವರು ಯಾರಿಗೂ ಲಕ್ಷ ಕಟ್ಟಿ ಆ ಜಾಗಕ್ಕೆ ಬಂದವರಲ್ಲ ಅನ್ನೋದನ್ನ ಮಾತ್ರ ಯಾರೂ ನೆನಪಿಟ್ಟುಕೊಳ್ಳಲ್ಲ.

ಈಗ ನನ್ನ ಕಥೆ. ಹೇಳದಿದ್ರೆ ಈ ಮಾತೆಲ್ಲ ಬರೀ ಉಪದೇಶ ಆಗುತ್ತೆ.

ಕೆಲವು ವರ್ಷದ ಹಿಂದೆ, ಒಂದು ಬರಗಾಲ. ರೈತರಿಗೆ ಪರಿಹಾರ ತಲುಪಿದೆಯಾ ಇಲ್ವಾ ಅಂತ ಗಲಾಟೆ. ವರದಿಗಾರ ಒಬ್ಬ ಹಿರಿಯ ರೈತರ ಬೈಟ್ ಕಳಿಸಿದ್ದ. ಅವರು ಹೇಳಿದ್ದು ಇಷ್ಟು: "ಪರಿಹಾರ ಬಂದೈತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಅದು ಹಿಂದಿನ ವರ್ಷದ್ದು. ಈ ವರ್ಷದ್ದು ಒಂದ್ ಪೈಸೆ ಬಂದಿಲ್ಲ." ಬುಲೆಟಿನ್‌ಗೆ ಹತ್ತು ನಿಮಿಷ ಇತ್ತು. ನನಗೆ ಎಂಟು ಸೆಕೆಂಡಿನ ಬೈಟ್ ಬೇಕಿತ್ತು. ಎಡಿಟ್ ರೂಮಿನ ಬಾಗಿಲಲ್ಲಿ ನಿಂತು "ಮೊದಲನೇ ವಾಕ್ಯ ಸಾಕು, ಕಟ್ ಮಾಡು" ಅಂತ ಕೂಗಿದೆ. ಎಡಿಟರ್ ಹುಡುಗ, ಅವನೂ ಇಂಥದ್ದೇ ಕೋರ್ಸ್ ಮುಗಿಸಿ ಬಂದವನು, ಮೆಲ್ಲಗೆ "ಸರ್, ಮುಂದೆ ಬೇರೆ ಥರ ಹೇಳಿದ್ದಾರೆ" ಅಂದ. ಕೇಳಿಸ್ತು ನನಗೆ. ಕೇಳಿಸಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. "ಟೈಮ್ ಇಲ್ಲ, ಹಾಕು" ಅಂದೆ. ಹಾಕಿದ.

ಮಾರನೇ ದಿನ ಆ ರೈತರ ಊರಿನಲ್ಲಿ ಜನ ಅವರ ಮನೆ ಮುಂದೆ ಬಂದು ನಿಂತರು. ಯಾರ ಹತ್ತಿರ ದುಡ್ಡು ತಗೊಂಡು ಟಿವಿಯಲ್ಲಿ ಹಾಗೆ ಹೇಳಿದೆ ಅಂತ. ಅವರು ನಮ್ಮ ಆಫೀಸಿಗೆ ಫೋನ್ ಮಾಡಿ ಕೇಳಿದ್ದು ಒಂದೇ: "ನಾ ಹೇಳಿದ್ದ ಪೂರಾ ಯಾಕ ತೋರಸಲಿಲ್ರಿ?" ಎರಡು ದಿನದ ಮೇಲೆ ಪೂರ್ತಿ ಬೈಟ್ ಹಾಕಿದ್ವಿ. ಮಧ್ಯಾಹ್ನ ಮೂರು ಗಂಟೆಗೆ. ಮಧ್ಯಾಹ್ನ ಮೂರಕ್ಕೆ ನ್ಯೂಸ್ ಯಾರು ನೋಡ್ತಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಅಲ್ಲಿ ಒಂದು ಸುಳ್ಳು ಮಾತೂ ಇರಲಿಲ್ಲ. ರೈತರು ಹೇಳಿದ್ದನ್ನೇ ತೋರಿಸಿದ್ವಿ. ಕಳೆದದ್ದಷ್ಟೇ. ಕುಲೆಶೋವ್ ಮೇಷ್ಟ್ರು ಸೂಪಿನ ತಟ್ಟೆ ಇಟ್ಟು ತೋರಿಸಿದ ಶಕ್ತಿ ಇದೆಯಲ್ಲ, ಅದನ್ನ ನಾನು ಒಬ್ಬ ಬಡ ಮನುಷ್ಯನ ಮೇಲೆ ಪ್ರಯೋಗ ಮಾಡಿದ್ದೆ. ತಪ್ಪು ನನ್ನದು, ಆ ಎಡಿಟರ್‌ದಲ್ಲ. ಆದ್ರೆ "ಇಲ್ಲ ಸರ್, ಹೀಗೆ ಕಟ್ ಮಾಡಿದ್ರೆ ಅರ್ಥ ತಿರುಗುತ್ತೆ, ನಾನು ಮಾಡಲ್ಲ" ಅನ್ನೋ ಹಕ್ಕು ಎಡಿಟರ್‌ಗೆ ಇದೆ ಅಂತ ಅವನಿಗೆ ಯಾವ ಕ್ಲಾಸಿನಲ್ಲಾದರೂ ಒಂದು ಗಂಟೆ ಹೇಳಿಕೊಟ್ಟಿದ್ರೆ? ನಿಮ್ಮ ಮನೆಗೆ ದಿನಾ ಬರೋ ಸುದ್ದಿ ಕೊನೆಗೆ ಇಂಥ ಒಬ್ಬ ಹುಡುಗನೋ ಹುಡುಗಿಯೋ ಕೈದಾಟಿ ಬರುತ್ತೆ. ಹಾಗಾಗಿ ಅವರಿಗೆ ಏನು ಕಲಿಸ್ತಾರೆ ಅನ್ನೋದು ಅವರ ಹೊಟ್ಟೆಪಾಡಿನ ವಿಷಯ ಮಾತ್ರ ಅಲ್ಲ.

ಒಳ್ಳೇ ಖಾಸಗಿ ಮೇಷ್ಟ್ರುಗಳೂ ಇದ್ದಾರೆ, ಇಲ್ಲ ಅನ್ನಲ್ಲ. ಬೆಂಗಳೂರಿನಲ್ಲೇ ಒಬ್ಬರನ್ನ ಬಲ್ಲೆ. ಆರು ಜನಕ್ಕಿಂತ ಹೆಚ್ಚು ಸೇರಿಸಲ್ಲ. ಒಂದೇ ಸೀನಿನ ರಾ ಫುಟೇಜ್ ಆರು ಜನಕ್ಕೂ ಕೊಡ್ತಾರೆ. ಆರು ಥರ ಕಟ್ ಬರುತ್ತೆ. ಆಮೇಲೆ ಎಲ್ಲರೂ ಕೂತು ಜಗಳ. ಅವರ ಪಾಠ ಅಂದ್ರೆ ಆ ಜಗಳವೇ.

ಹಾಗಾಗಿ ದುಡ್ಡು ಕಟ್ಟೋಕೆ ಮುಂಚೆ ಕೇಳಿ. ಕಲಿಸೋರು ಯಾರು, ಅವರ ಹೆಸರು ಯಾವ ಸಿನಿಮಾ, ಯಾವ ಸೀರಿಯಲ್, ಯಾವ ಕಾರ್ಯಕ್ರಮದ ಟೈಟಲ್‌ನಲ್ಲಿ ಬಂದಿದೆ, ತೋರಿಸಿ ಅನ್ನಿ. ರಾ ಫುಟೇಜ್ ಕೊಡ್ತೀರಾ, ಕಂಪ್ಯೂಟರ್ ಮುಂದೆ ನನ್ನ ಮಗ ಒಬ್ಬನೇ ದಿನಕ್ಕೆ ಎಷ್ಟು ಗಂಟೆ ಕೂರ್ತಾನೆ ಅಂತ ಕೇಳಿ. ಸೌಂಡ್ ಕಲಿಸ್ತೀರಾ ಅಂತ ತಪ್ಪದೆ ಕೇಳಿ. ಯಾಕಂದ್ರೆ ಎಡಿಟಿಂಗ್‌ನಲ್ಲಿ ಅರ್ಧ ಕೆಲಸ ಕಿವಿಯದ್ದು. ಸೀರಿಯಲ್‌ನಲ್ಲಿ ಗಮನಿಸಿ, ಅತ್ತೆಯ ಧ್ವನಿ ಮೊದಲು ಬರುತ್ತೆ, ಸೊಸೆ ಬೆಚ್ಚಿ ತಿರುಗ್ತಾಳೆ, ಆಮೇಲೆ ಅತ್ತೆಯ ಮುಖ. ಇದಕ್ಕೆ ಜೆ ಕಟ್ ಅಂತಾರೆ. ಅದು ಯಾವಾಗ ಬೇಕು, ಯಾವಾಗ ಬೇಡ ಅಂತ ಹೇಳೋ ಮೇಷ್ಟ್ರು ಬೇಕು. "ಕೆಲಸ ಗ್ಯಾರಂಟಿ" ಅಂದ್ರೆ ಲೆಟರ್‌ಹೆಡ್ ಮೇಲೆ ಬರೆದುಕೊಡಿ ಅನ್ನಿ. ಗ್ಯಾರಂಟಿ ಅನ್ನೋ ಪದ ಬಾಯಲ್ಲಿ ಬರುತ್ತೆ, ರಸೀದಿಯಲ್ಲಿ "ನೆರವು" ಆಗಿಬಿಡುತ್ತೆ.

ಇನ್ನು ಬಟನ್ ಕಲಿಯೋದಕ್ಕೇ ಆದ್ರೆ, ಡಾವಿಂಚಿ ರಿಸಾಲ್ವ್ ಅಂತ ಒಂದು ಸಾಫ್ಟ್‌ವೇರ್ ಇದೆ. ದೊಡ್ಡ ಸಿನಿಮಾಗಳ ಕಲರ್ ಕೆಲಸಕ್ಕೆ ಬಳಸೋದು. ಅದರ ಒಂದು ಆವೃತ್ತಿ ಪುಕ್ಕಟೆ. ಕಲಿಯೋ ಪುಸ್ತಕಗಳನ್ನೂ ಕಂಪನಿಯೇ ಪುಕ್ಕಟೆ ಕೊಡುತ್ತೆ. ಇಂಗ್ಲಿಷ್‌ನಲ್ಲಿವೆ, ಅದೊಂದು ತೊಡಕು. ಒಳ್ಳೇ ಕಂಪ್ಯೂಟರ್ ಬೇಕು, ಅದು ಇನ್ನೊಂದು. ಸಾಲ ಮಾಡಲೇಬೇಕು ಅಂದ್ರೆ ಕಂಪ್ಯೂಟರ್‌ಗೆ ಮಾಡಿ, ಅದಾದ್ರೂ ಮನೆಯಲ್ಲಿರುತ್ತೆ. ಅದೂ ಅಲ್ಲದೆ ಬಟನ್ ಕೆಲಸ ಎಷ್ಟು ದಿನ ಇರುತ್ತೆ ಹೇಳಿ? ಈಗಲೇ ಸಾಫ್ಟ್‌ವೇರು ಮಾತನ್ನ ತಾನೇ ಬರಹಕ್ಕಿಳಿಸುತ್ತೆ, ಬರಹದಲ್ಲಿ ಒಂದು ಸಾಲು ಅಳಿಸಿದ್ರೆ ವಿಡಿಯೋದಲ್ಲೂ ಅಳಿಸಿಹೋಗುತ್ತೆ. ಆ ರೈತರ ಎರಡನೇ ಸಾಲು ಅಳಿಸಬಾರದು ಅಂತ ಅದಕ್ಕೆ ಗೊತ್ತಾಗುತ್ತಾ?

ಆ ಹುಡುಗನಿಗೆ ನಾನು ಕೆಲಸ ಕೊಡಿಸಿದೆ ಅಂತ ಹೇಳೋ ಆಸೆ ಇತ್ತು. ಕೊಡಿಸೋಕೆ ಆಗಲಿಲ್ಲ, ನಮ್ಮಲ್ಲಿ ಜಾಗ ಇರಲಿಲ್ಲ. ಪರಿಚಯದವರ ಮೂಲಕ ಹುಬ್ಬಳ್ಳಿಯ ಒಂದು ಮದುವೆ ಸ್ಟುಡಿಯೋದಲ್ಲಿ ಸೇರಿಕೊಂಡಿದ್ದಾನೆ. ತಿಂಗಳಿಗೆ 12 ಸಾವಿರ. ಸೊಸೈಟಿ ಸಾಲದ ಕಂತು ಅದರಲ್ಲೇ ಕಟ್ಟಬೇಕು. ಹೋದ ವಾರ ಫೋನ್ ಮಾಡಿದ್ದ. ಒಂದು ಮದುವೆ ವಿಡಿಯೋದಲ್ಲಿ ಮಗಳನ್ನ ಕಳಿಸಿಕೊಡುವಾಗ ತಂದೆ ಬಸ್ಸಿನ ಕಿಟಕಿ ಹಿಡಿದುಕೊಂಡು ನಿಂತಿರೋ ಶಾಟ್ ಇತ್ತಂತೆ. ಮಾತಿಲ್ಲ, ಅಳು ಇಲ್ಲ. ನಲವತ್ತು ಸೆಕೆಂಡ್ ಹಾಗೇ ಬಿಟ್ಟಿದ್ದನಂತೆ, ಹಾಡು ಹಾಕದೆ. ಸ್ಟುಡಿಯೋ ಮಾಲೀಕರು ನೋಡಿ, "ಏ ತಮ್ಮಾ, ಇಲ್ಲಿ ಹಾಡು ಎಲ್ಲೈತೋ? ಗಿರಾಕಿ ರೊಕ್ಕ ಕೊಡ್ತಾರನು?" ಅಂತ ಹಾಡು ಹಾಕಿಸಿ, ಮೇಲೆ ಗುಲಾಬಿ ಎಸಳು ಉದುರಿಸಿ ಕಳಿಸಿದರಂತೆ.

ಹಾಡಿಲ್ಲದ ಕಾಪಿ ಅವನ ಫೋನಿನಲ್ಲಿದೆಯಂತೆ. ಕಳಿಸಪ್ಪ, ನೋಡ್ತೀನಿ ಅಂದಿದ್ದೀನಿ.